ಈಜಿಪ್ಟ್ ದೇವರುಗಳ ಕಾಮಿಕ್: ಅನುಬಿಸ್ ಕುತ್ತಿಗೆ, ಸೆಟ್ ಕಿವಿ

ಹಳೇ ಈಜಿಪ್ಟ್ ದೇವರುಗಳ ಕಾಮಿಕ್ ಬಿಡಿಸುತ್ತಿದ್ದೇನೆ. ಅಂತೂ ಅದರಲ್ಲಿ ಸತ್ತವರ ದೇವರು ಅನುಬಿಸ್‌ನ ಕುತ್ತಿಗೆ ಸರಿಯಾಗಿ ಕೂತಿತು. ಗುಳ್ಳೆನರಿಯ ತಲೆ, ಮನುಷ್ಯನ ಮೈ. ಎರಡೂ ಸೇರುವ ಜಾಗದಲ್ಲಿ ತುಪ್ಪಳ ಎಲ್ಲಿ ನಿಲ್ಲಬೇಕು, ಚರ್ಮ ಎಲ್ಲಿಂದ ಶುರುವಾಗಬೇಕು? ಉತ್ತರ ಹಳೇ ಗೋರಿಗಳ ಗೋಡೆ ಮೇಲೇ ಇದೆ. ಅಲ್ಲಿನ ಕಲಾವಿದರು ದೇವರಿಗೆ ಉದ್ದನೆಯ ವಿಗ್ ಹಾಕುತ್ತಿದ್ದರು. ಅದರ ಎರಡು ಎಳೆ ಎದೆ ಮೇಲೆ ಇಳಿಯುತ್ತವೆ, ಒಂದು ಬೆನ್ನಿಗೆ ಹೋಗುತ್ತದೆ, ಕೆಳಗೆ ಅಗಲವಾದ ಕಂಠಪಟ್ಟಿ ಬರುತ್ತದೆ, ಅಲ್ಲಿಗೆ ಜೋಡಣೆ ಕಣ್ಣಿಗೇ ಬೀಳುವುದಿಲ್ಲ. ಎಂಥಾ ಚಂದದ ಉಪಾಯ ಅಲ್ವಾ? ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಸೂಪರ್‌ಹೀರೋ ಥರ ಸುಮ್ನೆ ಮಾಂಸಖಂಡ ತುಂಬುವುದು ನನಗೆ ಬೇಡ.

ಅಳತೆಗೂ ಆ ಕಲಾವಿದರು ಬಿಡಿಸುವ ಮೊದಲು ಎಳೆದುಕೊಳ್ಳುತ್ತಿದ್ದ ಚೌಕಗಳೇ. ನಿಂತ ಆಕೃತಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ. ಕೃತಾ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಅದನ್ನೊಂದು ಲೇಯರ್ ಮಾಡಿಟ್ಟಿದ್ದೇನೆ. ಅನುಬಿಸ್ ಕಪ್ಪಗಿರುವುದು ಭಯಪಡಿಸಲಿಕ್ಕಲ್ಲ. ನೈಲ್ ನದಿ ತರುತ್ತಿದ್ದ ಫಲವತ್ತಾದ ಮಣ್ಣು ಕಪ್ಪು, ಆ ಬಣ್ಣ ಅವರಿಗೆ ಮರುಹುಟ್ಟಿನ ಗುರುತು. ಹಾಗಾಗಿ ಅವನ ಮುಖಕ್ಕೆ ಶಾಂತಭಾವ ಕೊಟ್ಟಿದ್ದೇನೆ, ಕಣ್ಣಲ್ಲಿ ಕೆಂಪು ಇಲ್ಲ.

ಬಿರುಗಾಳಿಯ ದೇವರು ಸೆಟ್ ಮಾತ್ರ ಬೇರೆಯೇ ಕತೆ. ಬಾಗಿದ ಉದ್ದ ಮೂತಿ, ನೆಟ್ಟಗೆ ನಿಂತ ಕಿವಿ, ಕಿವಿಯ ತುದಿ ಕತ್ತರಿಸಿದ ಹಾಗೆ ಚಪ್ಪಟೆ. ಅದು ಯಾವ ಪ್ರಾಣಿ ಅಂತ ವಿದ್ವಾಂಸರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಅದಕ್ಕೇ ನಾನು ಅವನನ್ನು ನಾಯಿಯೂ ಮಾಡಲಿಲ್ಲ, ಕತ್ತೆಯೂ ಮಾಡಲಿಲ್ಲ. ಬರೀ ನೆರಳು ಬಿಡಿಸಿದರೂ ಆ ಕಿವಿಯಿಂದಲೇ ಗುರುತು ಸಿಗುತ್ತದೆ.

ಈಗ ಬಿಡಿಸುತ್ತಿರುವುದು ದೋಣಿ ಪಂದ್ಯದ ಪುಟಗಳು. ಈಜಿಪ್ಟ್ ರಾಜ ಐದನೇ ರಾಮ್ಸೆಸ್ ಕಾಲದ ಪಪೈರಸ್ (ಜೊಂಡಿನ ಹಾಳೆ) ಸುರುಳಿಯೊಂದರಲ್ಲಿ ಈ ಕತೆ ಇದೆ, ಅದು ಈಗ ಡಬ್ಲಿನ್‌ನಲ್ಲಿದೆ. ಸತ್ತ ದೇವರಾಜ ಒಸಿರಿಸ್‌ನ ಸಿಂಹಾಸನ ಅವನ ಮಗ ಹೋರಸ್‌ಗೋ ತಮ್ಮ ಸೆಟ್‌ಗೋ ಅಂತ ದೇವರುಗಳ ಸಭೆಯಲ್ಲಿ 80 ವರ್ಷ ವ್ಯಾಜ್ಯ ನಡೆದಿರುತ್ತದೆ. ಕಲ್ಲಿನ ದೋಣಿಯಲ್ಲಿ ಪಂದ್ಯ ಆಗಲಿ ಅನ್ನುತ್ತಾನೆ ಸೆಟ್. ಹೋರಸ್ ಮರದ ದೋಣಿ ಕಟ್ಟಿ, ಮೇಲೆ ಜಿಪ್ಸಮ್ ಮೆತ್ತಿ, ಸಂಜೆ ಹೊತ್ತು ನೀರಿಗೆ ಬಿಡುತ್ತಾನೆ. ಸೆಟ್ ಅದನ್ನು ಕಲ್ಲೆಂದೇ ನಂಬಿ, ಬೆಟ್ಟದ ತುದಿಯನ್ನೇ ಕಡಿದು 138 ಮೊಳದ ದೋಣಿ ಮಾಡುತ್ತಾನೆ, ಅದು ಮುಳುಗುತ್ತದೆ, ಅವನು ಸಿಟ್ಟಿಗೆದ್ದು ನೀರಾನೆಯಾಗಿ ಹೋರಸ್‌ನ ದೋಣಿಯನ್ನು ಒಡೆಯುತ್ತಾನೆ. ಬೆಟ್ಟ ಕಡಿಯುವುದಕ್ಕೆ ಇಡೀ ಪುಟ ಕೊಟ್ಟಿದ್ದೇನೆ, ಮುಳುಗುವುದಕ್ಕೆ ಒಂದೇ ಒಂದು ಸಣ್ಣ ಪ್ಯಾನೆಲ್. ಆ ಪ್ಯಾನೆಲ್‌ನಲ್ಲಿ ನೀರಿನ ಮೇಲೆ ಕಾಣುವುದು ಎರಡು ಚಪ್ಪಟೆ ಕಿವಿ ಮಾತ್ರ.

ಸೆಟ್‌ನನ್ನು ಬರೀ ವಿಲನ್ ಮಾಡಲು ನನಗೆ ಮನಸ್ಸಿಲ್ಲ. ಸೂರ್ಯದೇವರ ದೋಣಿಯ ಮುಂದೆ ನಿಂತು, ಅದರ ಮೇಲೆ ಎರಗುವ ಅಪೆಪ್ ಎಂಬ ಹಾವನ್ನು ಭರ್ಜಿಯಿಂದ ತಿವಿಯುವವನೂ ಇವನೇ. ಪಪೈರಸ್ ಕೊನೆಯಲ್ಲಿ ಹೋರಸ್‌ಗೆ ಪಟ್ಟ ಸಿಗುತ್ತದೆ, ಸೆಟ್‌ನನ್ನು ಸೂರ್ಯದೇವರು ತನ್ನ ಬಳಿ ಕರೆದುಕೊಂಡು ಆಕಾಶದಲ್ಲಿ ಗುಡುಗು ಅನ್ನುತ್ತಾನೆ. ಆ ಗುಡುಗಿನ ಅಕ್ಷರಗಳನ್ನು ಕೈಯಲ್ಲೇ ಬರೆಯುತ್ತೇನೆ, ಫಾಂಟ್ ಬೇಡ. ಅದಕ್ಕೂ ಮೊದಲು ನೀರಾನೆ ಪುಟದ ಇಂಕಿಂಗ್ ಮುಗಿಯಬೇಕು.