ಒಟಾರುವಿನ ಹಿಮದೀಪಗಳನ್ನು ನೋಡಲು ಹೋಗುವವರಿಗೆ

ಜಪಾನಿನ ಹಿಮದ ಹಬ್ಬ ಅಂದರೆ ಎಲ್ಲರೂ ಮೊದಲು ಹೇಳುವುದು ಸಪ್ಪೊರೊ ಹೆಸರನ್ನೇ. ಅಮ್ಮ, ನನ್ನ ಹೆಂಡತಿ, ನಾನು ಹೊರಟಿದ್ದೂ ಅದಕ್ಕೇ. ಆದರೆ ಮನಸ್ಸಿನಲ್ಲಿ ಕೂತಿದ್ದು ಪಕ್ಕದ ಸಣ್ಣ ಬಂದರು ಊರು ಒಟಾರು. ಅಲ್ಲಿ ಫೆಬ್ರವರಿಯಲ್ಲಿ 'ಯುಕಿ ಅಕಾರಿ ನೊ ಮಿಚಿ' ನಡೆಯುತ್ತದೆ. ಹಿಮದ ಬೆಳಕಿನ ದಾರಿ ಅಂತ ಅರ್ಥ. 1999ರಲ್ಲಿ ಶುರುವಾದ ಹಬ್ಬ ಇದು. ಹೆಚ್ಚಿನವರು ಒಂದೆರಡು ಗಂಟೆ ಸುತ್ತಿ, ಫೋಟೊ ತೆಗೆದು ವಾಪಸ್ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಇಡೀ ಸಂಜೆಯನ್ನು ಒಟಾರುವಿಗೇ ಇಡಿ.

ಮೊದಲು ದಿನಾಂಕದ ವಿಷಯ. ಸಪ್ಪೊರೊ ಹಬ್ಬ ಸಾಮಾನ್ಯವಾಗಿ ಫೆಬ್ರವರಿ 4ರಿಂದ 11ರ ಆಸುಪಾಸು. ಒಟಾರುವಿನದ್ದು ಎರಡನೇ ವಾರ, ಸಂಜೆ 5ರಿಂದ 9ರವರೆಗೆ. ಎರಡೂ ಸೇರುವ ಕೆಲವು ದಿನ ಸಿಗುತ್ತವೆ. ಆ ವರ್ಷದ ದಿನಾಂಕ ಪ್ರಕಟವಾದ ಮೇಲೆ ಹೊಂದಿಸಿಕೊಳ್ಳಿ. ಫೆಬ್ರವರಿ 11 ಅಲ್ಲಿ ಸರ್ಕಾರಿ ರಜೆ, ಅವತ್ತು ಜನ ಜಾಸ್ತಿ. ವಾರದ ನಡುವಿನ ದಿನ ಒಳ್ಳೆಯದು. ಹೋಟೆಲ್ ಮಾತ್ರ ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ನಾವು ತಡ ಮಾಡಿ, ಸ್ಟೇಷನ್‌ನಿಂದ ದೂರದ ರೂಮಿಗೆ ಕೈತುಂಬ ಹಣ ಕೊಟ್ಟೆವು. ಹಿಮದಲ್ಲಿ ಸೂಟ್‌ಕೇಸ್ ಎಳೆಯುವುದು ಅಂದರೆ ಮರಳಿನಲ್ಲಿ ಎಳೆದ ಹಾಗೆ. ಸಪ್ಪೊರೊ ಸ್ಟೇಷನ್ ಹತ್ತಿರವೇ ಉಳಿದುಕೊಳ್ಳಿ.

ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನ ಇದೆ. ಅಲ್ಲಿಂದ ಸಪ್ಪೊರೊ, ಒಟಾರು ಇರುವ ಉತ್ತರದ ದ್ವೀಪ ಹೊಕ್ಕೈಡೊದ ನ್ಯೂ ಚಿಟೊಸೆ ನಿಲ್ದಾಣಕ್ಕೆ ಇನ್ನೊಂದು ವಿಮಾನ. ಜೋರು ಹಿಮ ಬಿದ್ದರೆ ವಿಮಾನವೂ ರೈಲೂ ನಿಲ್ಲುವುದುಂಟು. ಅದಕ್ಕೇ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಊರಿಗೆ ಮರಳುವ ಹಿಂದಿನ ದಿನ ಸಂಜೆ ಒಟಾರುವಿಗೆ ಹೋಗುವ ಯೋಜನೆ ಬೇಡವೇ ಬೇಡ.

ಸಪ್ಪೊರೊ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. 1950ರಲ್ಲಿ ಶಾಲಾ ಮಕ್ಕಳು ಓಡೊರಿ ಪಾರ್ಕಿನಲ್ಲಿ ಆರು ಹಿಮದ ಪ್ರತಿಮೆ ಮಾಡಿದ್ದರಿಂದ ಶುರುವಾದ ಹಬ್ಬ ಅದು. ಈಗ ಸುಮಾರು ಒಂದೂವರೆ ಕಿಲೋಮೀಟರ್ ಉದ್ದಕ್ಕೂ ಹರಡಿಕೊಂಡಿದೆ. ಮನೆಗಿಂತ ಎತ್ತರದ ಪ್ರತಿಮೆಗಳೂ ಇರುತ್ತವೆ. ಒಂದು ಸಲ ಹಗಲಲ್ಲಿ, ಒಂದು ಸಲ ದೀಪ ಹಾಕಿದ ಮೇಲೆ ನೋಡಿದರೆ ಸಾಕು.

ಸಪ್ಪೊರೊದಿಂದ ಒಟಾರುವಿಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ, ಎಲ್ಲಾ ಕಡೆ ನಿಲ್ಲುವ ರೈಲಿನಲ್ಲಿ ಮುಕ್ಕಾಲು ಗಂಟೆ. ಬಲಗಡೆ ಕಿಟಕಿ ಹಿಡಿಯಿರಿ. ಜೆನಿಬಾಕೊ ಸ್ಟೇಷನ್ ದಾಟಿದ ಮೇಲೆ ಹಳಿ ಸಮುದ್ರದ ಅಂಚಿನಲ್ಲೇ ಓಡುತ್ತದೆ. ಒಂದು ಕಡೆ ಬಿಳಿ ಗುಡ್ಡ, ಇನ್ನೊಂದು ಕಡೆ ಬೂದು ಬಣ್ಣದ ನೀರು. ಮಧ್ಯಾಹ್ನ ಮೂರರ ಹೊತ್ತಿಗೆ ತಲುಪಿಬಿಡಿ. ಐದಕ್ಕೆಲ್ಲಾ ಸೂರ್ಯ ಮುಳುಗಿಬಿಡುತ್ತಾನೆ. ಸ್ಟೇಷನ್ ಒಳಗೆ ನೇತುಹಾಕಿರುವ 333 ಗಾಜಿನ ಲಾಂದ್ರಗಳನ್ನು ನಿಂತು ನೋಡಿ. ಈ ಊರಿಗೂ ಗಾಜಿಗೂ ಹಳೇ ನಂಟು. ಹೆರಿಂಗ್ ಮೀನು ರಾಶಿರಾಶಿ ಸಿಗುತ್ತಿದ್ದ ಕಾಲದಲ್ಲಿ ಬಲೆ ಮುಳುಗದಂತೆ ಕಟ್ಟಲು ಇಲ್ಲಿ ಗಾಜಿನ ಗುಂಡುಗಳನ್ನು ಮಾಡುತ್ತಿದ್ದರು. ಹಬ್ಬದಲ್ಲಿ ಅದೇ ಗುಂಡುಗಳಿಗೆ ದೀಪ ಇಟ್ಟು ಕಾಲುವೆಯಲ್ಲಿ ಸಾಲಾಗಿ ತೇಲಿಬಿಡುತ್ತಾರೆ.

ಎಲ್ಲರೂ ಸ್ಟೇಷನ್‌ನಿಂದ ನೇರ ಕಾಲುವೆಗೇ ಇಳಿಯುತ್ತಾರೆ. ನೀವು ಮೊದಲು ಹಳೇ ತೆಮಿಯಾ ರೈಲುಹಳಿಯ ಕಡೆ ಹೋಗಿ. 1880ರಲ್ಲಿ ಹೊಕ್ಕೈಡೊದ ಮೊದಲ ರೈಲು ಓಡಿದ ಹಳಿ ಅದು. 1985ರಲ್ಲಿ ಮುಚ್ಚಿತು. ನಾವು ಹೋದಾಗ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ, ಸ್ವಯಂಸೇವಕರು ದೀಪ ಹಚ್ಚುತ್ತಿದ್ದರು. ಒಬ್ಬ ಹೆಂಗಸು ಹಿಮದ ಮೇಲೆ ಮಂಡಿಯೂರಿ ಕೂತಿದ್ದರು. ಅಂಗೈಯಗಲದ ಗೂಡು ಕೊರೆದು, ಒಳಗೆ ಮೇಣದಬತ್ತಿ ಇಟ್ಟು, ಕೈಗವಸು ಬಿಚ್ಚಿ ಹಚ್ಚಿದರು. ಗಾಳಿಗೆ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಅಮ್ಮ ಯಾರೂ ಕೇಳದೆಯೇ ಬಗ್ಗಿ, ತುಳಸಿಕಟ್ಟೆಯ ಮುಂದೆ ಹಿಡಿಯುವ ಹಾಗೆ ಅಂಗೈ ಅಡ್ಡ ಹಿಡಿದಳು. ದೀಪ ನಿಂತಿತು. ಗೂಡಿನ ಬಿಳಿ ಗೋಡೆ ಒಳಗಿನಿಂದ ಅರಿಶಿನದ ಬಣ್ಣಕ್ಕೆ ತಿರುಗಿತು. ಆಮೇಲೆ ಇಬ್ಬರೂ ಸೇರಿ ಇನ್ನೂ ಆರೇಳು ದೀಪ ಹಚ್ಚಿದರು. ಅಮ್ಮನಿಗೆ ಜಪಾನಿ ಬಾರದು, ಅವರಿಗೆ ಕನ್ನಡ ಬಾರದು. ಇದಕ್ಕೇ ಬೇಗ ಹೋಗಿ ಅನ್ನುತ್ತಿರುವುದು. ದೀಪ ಉರಿಯುವುದನ್ನು ಎಷ್ಟು ಹೊತ್ತಿಗೆ ಹೋದರೂ ನೋಡಬಹುದು. ಹಚ್ಚುವುದನ್ನು ನೋಡಬೇಕಾದರೆ ಬೆಳಕಿರುವಾಗಲೇ ಅಲ್ಲಿರಬೇಕು.

ಕಾಲುವೆಯ ಹತ್ತಿರ ಅಸಾಕುಸಾ ಸೇತುವೆ ಮೇಲೆ ಫೋಟೊಗೆ ನೂಕುನುಗ್ಗಲು. ಅಲ್ಲಿ ಕಾದು ನಿಲ್ಲುವ ಬದಲು ಕಲ್ಲಿನ ಗೋದಾಮುಗಳ ಎದುರಿನ ಕಾಲುದಾರಿಯಲ್ಲಿ ಮುಂದೆ ನಡೆಯಿರಿ. ಬೀದಿಯ ಗ್ಯಾಸ್ ದೀಪ, ನೀರಿನ ಮೇಲಿನ ದೀಪ, ಹಿಮದೊಳಗಿನ ದೀಪ, ಮೂರೂ ಒಟ್ಟಿಗೆ ಕಾಣುತ್ತವೆ.

ಚಳಿಗಿಂತ ಹೆದರಬೇಕಾದ್ದು ಜಾರುವುದಕ್ಕೆ. ತುಳಿದು ತುಳಿದು ಹಿಮ ಗಾಜಿನ ಹಾಗೆ ಆಗಿರುತ್ತದೆ. ಮೊದಲ ದಿನವೇ ಅಮ್ಮ ಜಾರಿ ಬಿದ್ದಳು, ಪುಣ್ಯಕ್ಕೆ ಏಟಾಗಲಿಲ್ಲ. ಶೂ ಕೆಳಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಇಳಿದ ಕೂಡಲೇ ಕೊಳ್ಳಿ, ಒಳಗೆ ಹೋಗುವಾಗ ಬಿಚ್ಚಿ. ಪೂರ್ತಿ ಪಾದ ಊರಿ, ಪುಟ್ಟ ಹೆಜ್ಜೆ ಇಡಿ. ಬಟ್ಟೆಯ ಮಟ್ಟಿಗೆ ಒಂದೇ ದಪ್ಪ ಕೋಟಿಗಿಂತ ಪದರ ಪದರ ಹಾಕುವುದು ಒಳ್ಳೆಯದು. ರೈಲು, ಅಂಗಡಿಗಳ ಒಳಗೆ ಬೆವರುವಷ್ಟು ಬಿಸಿ ಇರುತ್ತದೆ. ಕಿವಿಗೆ ನಮ್ಮ ಮಂಕಿ ಕ್ಯಾಪೇ ಸಾಕು. 'ಕೈರೊ' ಅನ್ನುವ ಬಿಸಿ ಪೊಟ್ಟಣಗಳನ್ನು ಜೇಬಿನಲ್ಲಿಟ್ಟುಕೊಳ್ಳಿ, ಬರೀ ಚರ್ಮಕ್ಕೆ ಅಂಟಿಸಬೇಡಿ.

ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ತರಕಾರಿ ಸೂಪ್ ಅಂದರೂ ಮೀನಿನ ಸಾರಿನಲ್ಲೇ ಮಾಡಿರುತ್ತಾರೆ. ಪೊಟ್ಟಣದ ಹಿಂದಿನ ಬರಹಕ್ಕೆ ಫೋನ್ ಹಿಡಿದು ಅನುವಾದ ನೋಡಿಯೇ ತಿನ್ನಿ. ಬೆಣ್ಣೆ ಹಾಕಿದ ಬೇಯಿಸಿದ ಆಲೂಗಡ್ಡೆ ಹಬ್ಬದ ಅಂಗಡಿಗಳಲ್ಲಿ ಸಿಗುತ್ತದೆ, ಹೊಕ್ಕೈಡೊದ ಆಲೂಗಡ್ಡೆ ನಿಜಕ್ಕೂ ರುಚಿ. ನಾವು ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಸಾಕಾಗುವ ಉಪ್ಪಿಟ್ಟಿನ ಪೊಟ್ಟಣ ಒಯ್ದಿದ್ದೆವು. ಹಸಿ ಕರಿಬೇವು, ಹಣ್ಣು ಮಾತ್ರ ಒಯ್ಯಬೇಡಿ. ನಮ್ಮ ಕೆಟಲ್ ಕೂಡ ಬೇಡ. ಅಲ್ಲಿ ಕರೆಂಟು 100 ವೋಲ್ಟ್, ಪ್ಲಗ್ಗೂ ಬೇರೆ.

ಇನ್ನೊಂದು ವಿಷಯ. ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ನನ್ನದು ಕಾಲುವೆಯ ಬಳಿ ಹಠಾತ್ತನೆ ಆರಿತು. ಹೋಟೆಲ್ ವಿಳಾಸ, ರೈಲಿನ ಸಮಯ ಎಲ್ಲಾ ಅದರಲ್ಲೇ. ವಿಳಾಸವನ್ನು ಜಪಾನಿಯಲ್ಲಿ ಚೀಟಿ ಬರೆಸಿ ಇಟ್ಟುಕೊಳ್ಳಿ, ಫೋನನ್ನು ಒಳಜೇಬಿನಲ್ಲಿಡಿ. ದೀಪ ಆರಿಸುವ ಒಂಬತ್ತರ ಹೊತ್ತಿಗೆ ಎಲ್ಲರೂ ಒಟ್ಟಿಗೇ ಸ್ಟೇಷನ್‌ಗೆ ಬರುತ್ತಾರೆ. ಅಮ್ಮನಂಥವರು ಜೊತೆಗಿದ್ದರೆ ಎಂಟೂವರೆಗೇ ಹೊರಡಿ, ಕೂರಲು ಜಾಗ ಸಿಗುತ್ತದೆ.