ಗಿಳಿಗೆ ಯಾವ ಆಟಿಕೆ ತರಲಿ?

ನಮ್ಮ ಮನೆಯಲ್ಲಿ ಗಿಳಿ ಜಾತಿಯ, ಜುಟ್ಟಿರುವ ಎರಡು ಕಾಕಟೀಲ್‌ಗಳಿವೆ ಅಂತ ಗೊತ್ತಾದ ಕೂಡಲೇ ಹಕ್ಕಿ ಸಾಕುವವರು ಕೇಳುವುದು ಇದನ್ನೇ. 'ಗಿಳಿಗೆ ಯಾವ ಆಟಿಕೆ ತರಲಿ? ತಂದದ್ದನ್ನೆಲ್ಲ ಎರಡೇ ದಿನಕ್ಕೆ ಕಡಿದು ಹಾಕುತ್ತೆ. ಸ್ವಲ್ಪ ಗಟ್ಟಿಯಾದದ್ದು ಹೇಳಿ.'

ಕಡಿದು ಹಾಕಲಿ ಬಿಡಿ. ಗಿಳಿ ಜಾತಿಯ ಹೆಚ್ಚಿನ ಹಕ್ಕಿಗಳು ಮರದ ಪೊಟರೆಯಲ್ಲಿ ಗೂಡು ಮಾಡುತ್ತವೆ. ಪೊಟರೆ ಅಗಲ ಮಾಡಲು, ತೊಗಟೆ ಸುಲಿಯಲು, ಕಾಯಿ ಒಡೆಯಲು ಕೊಕ್ಕೇ ಬೇಕು. ಆ ಕೊಕ್ಕು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಕಡಿಯಲು ಏನೂ ಸಿಗದ ಹಕ್ಕಿ ಬೇಸರಕ್ಕೆ ತನ್ನ ಪುಕ್ಕವನ್ನೇ ಕೀಳಲು ಶುರು ಮಾಡಬಹುದು. ಹಾಗಾಗಿ ಆಟಿಕೆ ಎಷ್ಟು ದಿನ ಬಾಳುತ್ತದೆ ಅಂತ ನಾನು ನೋಡುವುದೇ ಇಲ್ಲ. ಮುರಿದಾಗ ಏನು ಉದುರುತ್ತದೆ? ಆ ಚೂರು ಹೊಟ್ಟೆಗೆ ಹೋದರೆ ಏನಾಗುತ್ತದೆ? ನನಗೆ ಬೇಕಾದದ್ದು ಈ ಎರಡಕ್ಕೆ ಉತ್ತರ.

ನನಗೆ ಜಾಸ್ತಿ ಭಯ ಲೋಹದ್ದು. ನಮ್ಮಲ್ಲಿ ಲವ್ ಬರ್ಡ್ಸ್ ಅಂತ ಕರೆಯುವ ಹಕ್ಕಿಗಳು ಬಹುಪಾಲು ಬಜರಿಗರ್ ಎಂಬ ಸಣ್ಣ ಗಿಳಿ. ಅದರ ತೂಕ ಸುಮಾರು 30ರಿಂದ 40 ಗ್ರಾಂ. ಅಷ್ಟು ಪುಟ್ಟ ದೇಹಕ್ಕೆ ಸತು ಅಥವಾ ಸೀಸದ ಸಣ್ಣ ಚೂರೂ ವಿಷವೇ. ಜಿಐ (ಗ್ಯಾಲ್ವನೈಸ್ ಮಾಡಿದ ಕಬ್ಬಿಣ) ತಂತಿಯ ಮೇಲಿರುವುದು ಸತುವಿನ ಲೇಪ. ಹಿತ್ತಾಳೆಯಲ್ಲೂ ಸತು ಇರುತ್ತದೆ. ಬೆಸುಗೆ ಹಾಕಿದ ಜಾಗದಲ್ಲಿ ಸೀಸ ಇರಬಹುದು. ಆಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ, ಹಾಗಾದರೆ ಒಳ್ಳೆಯ ಸ್ಟೀಲ್ ಅಂತ ಕೆಲವರು ನಂಬುತ್ತಾರೆ. ಅದು ಸಾಲದು. ಸತು, ಸೀಸ, ಹಿತ್ತಾಳೆ ಯಾವುದೂ ಅಂಟುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಅಂತ ಖಾತ್ರಿ ಇರುವ ಕೊಂಡಿಯನ್ನೇ ತನ್ನಿ. ಹಕ್ಕಿ ಮಂಕಾಗಿ ಕೂತು, ವಾಂತಿ ಮಾಡಿ, ಹಿಕ್ಕೆ ನೀರು ನೀರಾದರೆ ನಾಳೆ ನೋಡೋಣ ಅನ್ನಬೇಡಿ. ಎಕ್ಸ್‌ರೇಯಲ್ಲಿ ಲೋಹದ ಚೂರು ಕಾಣುತ್ತದೆ. ಲೋಹವನ್ನು ದೇಹದಿಂದ ಹೊರಹಾಕುವ ಇಂಜೆಕ್ಷನ್ ಇದೆ. ಬೇಗ ಪಶುವೈದ್ಯರ ಹತ್ತಿರ ಹೋದರೆ ಹಕ್ಕಿ ಉಳಿಯುವ ಸಾಧ್ಯತೆ ಜಾಸ್ತಿ.

ಸೀಳು ಬಾಯಿಯ ಗೆಜ್ಜೆಯಂತೂ ಬೇಡವೇ ಬೇಡ. ಅದರಲ್ಲಿ ಬೆರಳು, ಕೊಕ್ಕು ಸಿಕ್ಕಿಕೊಳ್ಳುತ್ತದೆ. ಕೀ ಚೈನಿನ ರಿಂಗಿನದೂ ಇದೇ ತೊಂದರೆ.

ಹತ್ತಿ ಹಗ್ಗದ ಆಟಿಕೆಯಿಂದ ನಾನೇ ಪೆಟ್ಟು ತಿಂದಿದ್ದೇನೆ. ಬಣ್ಣಬಣ್ಣದ ಹಗ್ಗ, ಮೆತ್ತಗೆ ಚೆನ್ನಾಗಿತ್ತು. ತಿಂಗಳಾಗುವಷ್ಟರಲ್ಲಿ ಎಳೆ ಬಿಚ್ಚಿಕೊಂಡಿತ್ತು, ನಾನು ಗಮನಿಸಿರಲಿಲ್ಲ. ಒಂದು ಬೆಳಿಗ್ಗೆ ನಮ್ಮ ಹೆಣ್ಣು ಕಾಕಟೀಲ್ ಒಂದು ಕಾಲು ಎತ್ತಿಕೊಂಡೇ ಕೂತಿತ್ತು. ಬೆರಳಿಗೆ ಒಂದೇ ಒಂದು ಎಳೆ ಬಿಗಿದು, ಬೆರಳು ಊದಿ ಕಪ್ಪಾಗಿತ್ತು. ಡಾಕ್ಟರ್ ಭೂತಗನ್ನಡಿ ಇಟ್ಟುಕೊಂಡು ಆ ಎಳೆ ಕತ್ತರಿಸಿ ತೆಗೆದರು. ಬೆರಳು ಉಳಿಯಿತು, ಉಗುರು ಉಳಿಯಲಿಲ್ಲ. ಇಂಥ ಎಳೆ ನುಂಗಿದರೆ ಗಂಟಲ ಚೀಲದಲ್ಲಿ ಉಂಡೆ ಕಟ್ಟಿ ಆಪರೇಷನ್ ತನಕ ಹೋಗಬಹುದು. ಅಂದಿನಿಂದ ನಮ್ಮ ಮನೆಯಲ್ಲಿ ಹಗ್ಗ ಇಲ್ಲ.

ಹಾಗಾದರೆ ಏನು ಕೊಡೋದು? ನಮ್ಮ ಕಡೆ ಸಿಗುವುದೇ ಸಾಕಷ್ಟಿದೆ. ಸೀಬೆ, ನುಗ್ಗೆ, ಹಿಪ್ಪುನೇರಳೆ ಕೊಂಬೆಗಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ತೊಗಟೆ ಸಮೇತ ಕೊಡುತ್ತೇನೆ. ಹಿಪ್ಪುನೇರಳೆ ನನಗೆ ಇಷ್ಟ. ರೇಷ್ಮೆ ಹುಳು ಸಾಯುತ್ತದೆ ಅಂತ ಬೆಳೆಗಾರರು ಔಷಧಿ ಹೊಡೆಯುವಾಗ ಎಚ್ಚರವಾಗಿರುತ್ತಾರೆ. ಆದರೂ ಕೇಳಿಯೇ ತನ್ನಿ. ಕಣಗಿಲೆ, ಉಮ್ಮತ್ತಿ, ಹರಳು, ಬೆಣ್ಣೆಹಣ್ಣಿನ ಗಿಡ ಇವುಗಳ ಒಂದು ಎಲೆಯೂ ಪಂಜರದ ಹತ್ತಿರ ಬರಬಾರದು. ಪ್ಲೈವುಡ್ ಚೂರಿನಲ್ಲಿ ಅಂಟು ಇರುತ್ತದೆ, ಅದೂ ಬೇಡ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಅಡಿಕೆ ಹಾಳೆ. ಮೆತ್ತಗೂ ಅಲ್ಲ, ಗಟ್ಟಿಯೂ ಅಲ್ಲ. ಕೊಕ್ಕಿಗೆ ಸಿಕ್ಕರೆ ಚರ್ರನೆ ಸೀಳುತ್ತದೆ, ಆ ಸದ್ದೇ ಹಕ್ಕಿಗೆ ಖುಷಿ. ಊಟದ ಹಾಳೆ ತಟ್ಟೆಯನ್ನು ತುಂಡು ಮಾಡಿ, ನಡುವೆ ನವಣೆ ತೆನೆ ಸಿಕ್ಕಿಸಿ ಕೊಟ್ಟರೆ ಒಂದು ಮಧ್ಯಾಹ್ನ ಪೂರ್ತಿ ಅದರಲ್ಲೇ ಮುಳುಗಿರುತ್ತವೆ. ತೋಟದಿಂದ ತರುವವರು ಒಂದು ನೆನಪಿಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅದರಲ್ಲಿರುವುದು ಮೈಲುತುತ್ತ. ಬೇಸಿಗೆಯಲ್ಲಿ ಬಿದ್ದ ಹಾಳೆಯನ್ನೇ ಆರಿಸಿ, ಚೆನ್ನಾಗಿ ತಿಕ್ಕಿ ತೊಳೆಯಿರಿ. ತೆಂಗಿನ ಕರಟವೂ ಆಗುತ್ತದೆ. ನಾರು ಹೆರೆದು, ಅಂಚು ನಯ ಮಾಡಿರಬೇಕು ಅಷ್ಟೇ.

ಚನ್ನಪಟ್ಟಣದ ಗೊಂಬೆ ಕೊಡಬಹುದಾ ಅಂತಲೂ ಕೇಳುತ್ತಾರೆ. ಆಲೆ ಮರ ಮೆದು, ಅರಗಿನ ಬಣ್ಣ, ಮಕ್ಕಳೇ ಬಾಯಿಗೆ ಹಾಕಿಕೊಳ್ಳುತ್ತಾರೆ, ನಿಜ. ಆದರೆ ಮಗು ಚೀಪುತ್ತದೆ, ಗಿಳಿ ಬಣ್ಣವನ್ನೇ ಕೆರೆದು ಪುಡಿ ಮಾಡುತ್ತದೆ. ಅಂಗಡಿಯಲ್ಲಿರುವ ಎಲ್ಲ ಬಣ್ಣವೂ ಗಿಡಮೂಲದ್ದೇ ಅಂತ ಹೇಗೆ ಹೇಳುವುದು? ನಾನು ಕೊಡುವುದಿಲ್ಲ.

ನಮ್ಮ ಊರಿನ ಹಸಿರು ಗಿಳಿಗೆ ಆಟಿಕೆ ಕೇಳುವವರಿಗೆ ಒಂದು ಮಾತು. ಅದನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಸುಮ್ನೆ ಹಾರಿಬಿಡಲೂ ಹೋಗಬೇಡಿ. ಸಾಕಿದ ಹಕ್ಕಿ ಹೊರಗೆ ಬದುಕುವುದು ಕಷ್ಟ. ಅರಣ್ಯ ಇಲಾಖೆಗೆ ತಿಳಿಸಿ.

ಇನ್ನು, ಹೊಸ ಆಟಿಕೆ ಕೊಟ್ಟರೆ ಮುಟ್ಟುವುದೇ ಇಲ್ಲ ಅನ್ನುವವರು ಸ್ವಲ್ಪ ಕಾಯಿರಿ. ಹೊಸದು ಕಂಡರೆ ಇವಕ್ಕೆ ಹೆದರಿಕೆ. ಮೊದಲು ಪಂಜರದ ಹೊರಗೆ, ಕಣ್ಣಿಗೆ ಕಾಣುವಲ್ಲಿ ಇಡಿ. ನೀವೇ ಅದರ ಮುಂದೆ ಕೂತು ಆಡಿ. ನಮ್ಮ ಗಂಡು ಕಾಕಟೀಲ್ ಮೊದಲ ಹಾಳೆ ತುಂಡನ್ನು ನಾಲ್ಕು ದಿನ ಜುಟ್ಟು ನಿಗುರಿಸಿಕೊಂಡು ದೂರದಿಂದಲೇ ನೋಡಿತ್ತು. ಐದನೇ ದಿನ ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಅರ್ಧ ಸೀಳಿ ಹಾಕಿತ್ತು.