ಕಾವಿಯ ಹಲಗೆಯೂ ಸ್ವಕರುಣೆಯೂ

ಪಿಯುಸಿ ಫಲಿತಾಂಶ ಪ್ರಕಟವಾದಾಗಲೆಲ್ಲ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಹೆಸರು ರಾಜ್ಯದ ಪಟ್ಟಿಯ ಮೇಲ್ಭಾಗದಲ್ಲಿರುವುದು ನಮ್ಮ ಕರಾವಳಿಯವರಿಗೆ ರೂಢಿಯಾಗಿಬಿಟ್ಟಿದೆ. ‘ಬುದ್ಧಿವಂತರ ಜಿಲ್ಲೆ’ ಎಂದು ಘಟ್ಟದ ಮೇಲಿನವರು ಕರೆದಾಗ ನಾವು ಒಳಗೊಳಗೇ ಹಿಗ್ಗುತ್ತೇವೆ. ಆದರೆ ಪದವಿಪೂರ್ವ ತರಗತಿಗಳಿಗೆ ಗಣಿತ ಪಾಠ ಮಾಡುವ ನನಗೆ ಆ ಹಿಗ್ಗಿನ ಬೆನ್ನೂ ಕಾಣುತ್ತದೆ. 100ಕ್ಕೆ 96 ಅಂಕ ಪಡೆದ ಹುಡುಗಿಯೊಬ್ಬಳು ಉಳಿದ ನಾಲ್ಕು ಅಂಕಗಳಿಗಾಗಿ ತನ್ನನ್ನು ತಾನೇ ಬೈದುಕೊಳ್ಳುವ ಮಾತುಗಳನ್ನು ಬೇರೆ ಯಾರಾದರೂ ಅವಳಿಗೆ ಆಡಿದ್ದರೆ, ಹೆತ್ತವರು ಕಾಲೇಜಿಗೇ ಬಂದು ಜಗಳ ತೆಗೆಯುತ್ತಿದ್ದರು. ದೊಡ್ಡವರೂ ಇದಕ್ಕೆ ಹೊರತಲ್ಲ. ಅವರಲ್ಲಿ ಅಂಕದ ಜಾಗಕ್ಕೆ ಸಂಬಳ, ಮಕ್ಕಳ ನೌಕರಿ, ಮನೆಯ ಅಚ್ಚುಕಟ್ಟು ಬಂದು ಕೂತಿರುತ್ತವೆ, ಅಷ್ಟೆ.

ಈ ಬೈಗುಳಕ್ಕೆ ಎದುರಾಗಿ ನಿಲ್ಲುವುದು ಸ್ವಕರುಣೆ, ಅಂದರೆ ತನ್ನ ಬಗ್ಗೆ ತಾನೇ ತೋರುವ ಕರುಣೆ. ಅದನ್ನು ಮನೋವಿಜ್ಞಾನದ ಅಧ್ಯಯನಕ್ಕೆ ತಂದವರಲ್ಲಿ ಮುಖ್ಯರಾದವರು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್. 2003ರಲ್ಲಿ ಪ್ರಕಟವಾದ ಲೇಖನಗಳಲ್ಲಿ ಅವರು ಅದನ್ನು ಮೂರು ಅಂಶಗಳಾಗಿ ಬಿಡಿಸಿದರು: ಸೋತಾಗ ತನ್ನೊಡನೆ ಕಟುವಾಗದೆ ಮೃದುವಾಗಿರುವುದು, ಸೋಲು ಮತ್ತು ಕೊರತೆ ತನ್ನೊಬ್ಬರ ಪಾಲಿನದಲ್ಲ, ಮನುಷ್ಯರಾಗಿ ಹುಟ್ಟಿದ ಎಲ್ಲರದೂ ಎಂದು ಅರಿಯುವುದು, ನೋವನ್ನು ಅದುಮದೆ, ಹಿಗ್ಗಿಸದೆ, ಇದ್ದ ಹಾಗೆ ಗಮನಿಸುವುದು. ಇದೆಲ್ಲ ಸೋಮಾರಿತನಕ್ಕೆ ಇಟ್ಟ ಚಂದದ ಹೆಸರು ಎಂಬ ಆಕ್ಷೇಪವನ್ನು ನಮ್ಮ ಸ್ಟಾಫ್ ರೂಮಿನಲ್ಲೇ ಕೇಳಿದ್ದೇನೆ. ಅಂಥವರಿಗೆ ನಾನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಹೇಳುತ್ತೇನೆ. ಅವುಗಳಲ್ಲಿ ಒಂದರಲ್ಲಿ ಕಠಿಣವಾದ ಶಬ್ದಸಂಪತ್ತಿನ ಪರೀಕ್ಷೆಯೊಂದರಲ್ಲಿ ಎಡವಿದ ವಿದ್ಯಾರ್ಥಿಗಳ ಪೈಕಿ, ತಮ್ಮ ಮೇಲೆ ಕರುಣೆ ಇಟ್ಟುಕೊಳ್ಳುವಂತೆ ಪ್ರೇರಣೆ ಪಡೆದವರೇ ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು. ಬೈಗುಳದಿಂದ ಓದು ಬರುತ್ತದೆ ಎಂಬ ನಮ್ಮ ಹಳೆಯ ನಂಬಿಕೆಗೆ ಇದು ಅನುಕೂಲಕರವಾದ ಫಲಿತಾಂಶವಲ್ಲ.

ಮೂರು ಅಂಶಗಳಲ್ಲಿ ನಡುವಿನದು, ಅಂದರೆ ಕೊರತೆ ಎಲ್ಲರದೂ ಎಂಬ ಅರಿವು, ಒಬ್ಬರೇ ಕಣ್ಣು ಮುಚ್ಚಿ ಕೂತರೆ ಕೈಗೆ ಹತ್ತುವುದು ಬಲು ಕಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂಟಿ ಧ್ಯಾನ ನಮ್ಮ ಜಿಲ್ಲೆಯವರ ಕೈಯಲ್ಲಿ ಬೇಗನೆ ಇನ್ನೊಂದು ಪರೀಕ್ಷೆಯಾಗಿಬಿಡುತ್ತದೆ: ಇವತ್ತು ಎಷ್ಟು ನಿಮಿಷ ಕೂತೆ, ಮನಸ್ಸು ಎಷ್ಟು ಸಲ ಓಡಿತು ಎಂಬ ಲೆಕ್ಕ ಶುರುವಾಗುತ್ತದೆ. ಅದಕ್ಕಾಗಿಯೇ ಉಡುಪಿಯ ಕುಂಜಿಬೆಟ್ಟಿನ ಹಳೆಯ ಹಂಚಿನ ಮನೆಯೊಂದರ ಚಾವಡಿಯಲ್ಲಿ ಭಾನುವಾರ ಬೆಳಗ್ಗೆ ಸೇರುವ ನಮ್ಮ ಸಣ್ಣ ಗುಂಪನ್ನು ನಾನು ಬಿಡುವುದಿಲ್ಲ. ಬ್ಯಾಂಕಿನಿಂದ ನಿವೃತ್ತರಾದವರು, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುವ ನರ್ಸ್, ಮಲ್ಪೆಯಲ್ಲಿ ಮೀನಿನ ವ್ಯಾಪಾರ ಇರುವ ಮನೆಯ ಸೊಸೆ, ನನ್ನಂಥ ಮೇಷ್ಟ್ರುಗಳು ಅಲ್ಲಿದ್ದಾರೆ. ಮೊದಲು ಸ್ವಲ್ಪ ಹೊತ್ತು ಮೈತ್ರಿ ಧ್ಯಾನ. ಥೇರವಾದ ಬೌದ್ಧ ಪರಂಪರೆಯಲ್ಲಿ ಈ ಧ್ಯಾನವು ‘ನಾನು ಕ್ಷೇಮವಾಗಿರಲಿ’ ಎಂದು ತನ್ನಿಂದಲೇ ತೊಡಗಿ, ಪ್ರೀತಿಯವರು, ಪರಿಚಯವಷ್ಟೇ ಇರುವವರು, ಆಗದವರು ಎಂದು ಹಿಗ್ಗುತ್ತ ಹೋಗುತ್ತದೆ. ನಮ್ಮಲ್ಲಿ ಮೊದಲ ಮೆಟ್ಟಿಲೇ ಏರಲಾಗದ್ದರಿಂದ, ಮೊಮ್ಮಗುವನ್ನೋ ಮನೆಯ ನಾಯಿಯನ್ನೋ ನೆನೆದು ಆರಂಭಿಸಿ ಅದೇ ಹಾರೈಕೆಯನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಳ್ಳುವ ಕ್ರಮವನ್ನು ಇಟ್ಟುಕೊಂಡಿದ್ದೇವೆ.

ಇದು ಹೊರಗಿನ ಸರಕು ಎನ್ನುವವರು ಒಮ್ಮೆ ಮಂಗಳೂರಿನ ಕದ್ರಿಗೆ ಹೋಗಿ ಬರಬೇಕು. ಮಂಜುನಾಥ ದೇವಸ್ಥಾನದಲ್ಲಿರುವ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪ ಅರಸ ಕುಂದವರ್ಮ 968ರಲ್ಲಿ ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಅದರ ಪೀಠದ ಶಾಸನ ಹೇಳುತ್ತದೆ. ವಿದ್ವಾಂಸರು ಅದನ್ನು ಕರುಣೆಯ ಬೋಧಿಸತ್ತ್ವನಾದ ಅವಲೋಕಿತೇಶ್ವರನೆಂದು ಗುರುತಿಸುತ್ತಾರೆ. ಸಾವಿರ ವರ್ಷಗಳಿಂದ ನಾವು ಕೈಮುಗಿಯುತ್ತ ಬಂದ ಕರುಣೆಯನ್ನು ನಮ್ಮ ಮೇಲೂ ಸ್ವಲ್ಪ ಇಳಿಸಿಕೊಂಡರೆ ಅಪಚಾರವೇನೂ ಆಗದು.

ಧ್ಯಾನದ ಬೆನ್ನಿಗೇ ನಾವು ಚಿತ್ರದ ಕೆಲಸಕ್ಕೆ ಕೂರುವುದಕ್ಕೆ ಕಾರಣವಿದೆ. ತನಗೆ ತಾನು ಒಳ್ಳೆಯದನ್ನು ಹಾರೈಸಿಕೊಂಡೊಡನೆ ಕೆಲವರಲ್ಲಿ ಹಳೆಯ ದುಃಖ ಒಮ್ಮೆಲೇ ಮೇಲೇಳುತ್ತದೆ. ಸ್ವಕರುಣೆಯ ಎಂಟು ವಾರಗಳ ತರಬೇತಿಯನ್ನು ನೆಫ್ ಅವರೊಡನೆ ರೂಪಿಸಿದ ಕ್ರಿಸ್ಟೋಫರ್ ಗರ್ಮರ್ ಇದನ್ನು ಮುಚ್ಚಿದ ಕೋಣೆಯಲ್ಲಿ ಕಾದಿದ್ದ ಬೆಂಕಿಗೆ ಬಾಗಿಲು ತೆರೆದೊಡನೆ ಗಾಳಿ ಸಿಗುವುದಕ್ಕೆ ಹೋಲಿಸುತ್ತಾರೆ. ಆಗ ಹಟ ಹಿಡಿದು ಕೂರಬಾರದು. ಕಣ್ಣು ತೆರೆದು, ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸಿ, ಕೈಗೆ ಏನಾದರೂ ಕೆಲಸ ಕೊಡಬೇಕು. ನಮ್ಮ ಕೈಗೆ ಸಿಕ್ಕಿದ್ದು ಕಾವಿ ಕಲೆ. ಗೋವೆಯಿಂದ ಈಚೆಗಿನ ಕರಾವಳಿಯ ದೇವಸ್ಥಾನಗಳ, ಹಳೆಯ ಮನೆಗಳ ಗೋಡೆಗಳಲ್ಲಿ ಇದನ್ನು ಕಾಣಬಹುದು: ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದು ಹಸಿಯಿರುವಾಗಲೇ ಚೂಪಾದ ಲೋಹದ ಕಡ್ಡಿಯಿಂದ ಕೆರೆದರೆ ಅಡಿಯ ಬಿಳುಪು ಗೆರೆಯಾಗಿ ಎದ್ದುಬರುತ್ತದೆ. ನಾವು ಗೋಡೆಯ ಬದಲು ದೊಡ್ಡ ಹಲಗೆಯ ಮೇಲೆ ಎಲ್ಲರೂ ಸೇರಿ ಒಂದೇ ಬಳ್ಳಿಯನ್ನು ಬಿಡಿಸುತ್ತೇವೆ. ಕೆರೆದದ್ದನ್ನು ಮರಳಿ ತುಂಬಲು ಬರುವುದಿಲ್ಲ, ಲೇಪ ಒಣಗುತ್ತಿರುತ್ತದೆ, ಪಕ್ಕದವರ ಮೊಣಕೈ ತಾಗುತ್ತಿರುತ್ತದೆ. ಹೀಗಾಗಿ ಕಡ್ಡಿ ಜಾರಿದಾಗ ಮನಸ್ಸಿನಲ್ಲೇ ಉಳಿಯಬೇಕಾದ ಬೈಗುಳ ಬಾಯಿಯಿಂದಲೇ ಹೊರಬೀಳುತ್ತದೆ. ಕಳೆದ ಮಳೆಗಾಲದಲ್ಲಿ ನರ್ಸ್ ಅಕ್ಕನ ಕಡ್ಡಿ ಎಲೆಯ ಅಂಚನ್ನು ದಾಟಿ ಉದ್ದಕ್ಕೆ ಎಳೆದುಕೊಂಡು ಹೋಯಿತು. “ಥತ್, ನನಗೆ ಎಂತದೂ ಬರುವುದಿಲ್ಲ, ಎಲ್ಲಿ ಹೋದರೂ ನಾನು ದಂಡ” ಎಂದರು ಅವರು. ಬ್ಯಾಂಕಿನ ಹಿರಿಯರು ತಲೆ ಎತ್ತದೆ, “ಒಂದು ಎಲೆ ತಾನೇ ಮಾರಾಯ್ತಿ, ನಿನ್ನ ವಾರ್ಡಿನ ಪೇಶೆಂಟಿಗೆ ಹೀಗೆ ಹೇಳ್ತೀಯಾ?” ಎಂದು ಕೇಳಿದರು. ಚಾವಡಿಯಲ್ಲಿ ಎಲ್ಲರೂ ನಕ್ಕರು, ಅವರೂ ನಕ್ಕರು. ಗೆಳೆಯರಿಗೆ ಏನು ಹೇಳುತ್ತೀರೋ ಅದನ್ನೇ ನಿಮಗೂ ಹೇಳಿಕೊಳ್ಳಿ ಎಂಬುದು ನೆಫ್ ಅವರ ಬರವಣಿಗೆಯ ಅಭ್ಯಾಸಗಳಲ್ಲೊಂದು. ಅದನ್ನು ಕಾಗದದ ಮೇಲೆ ಮಾಡಿದಾಗ ಯಾರಲ್ಲೂ ಕಾಣದ ಸಡಿಲ ಆ ಹೊತ್ತು ನರ್ಸ್ ಅಕ್ಕನ ಭುಜಗಳಲ್ಲಿ ಕಂಡಿತು.

ಜನ ಸೇರಿದಲ್ಲೆಲ್ಲ ಇದು ತಾನಾಗಿ ಆಗುತ್ತದೆಂದು ನಾನು ಹೇಳುವುದಿಲ್ಲ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟ ಸಾಲನ್ನು ಉಳಿದವರೆಲ್ಲ ಹಿಂಬಾಲಿಸುವಾಗ ಶ್ರುತಿ ತಪ್ಪಿದ ಕಂಠಕ್ಕೂ ಜಾಗವಿರುತ್ತದೆ; ಅದೇ ಭಜನೆಯನ್ನು ಸ್ಪರ್ಧೆ ಮಾಡಿದ ದಿನ ಆ ಕಂಠ ಹಿಂದಿನ ಸಾಲಿಗೆ ಹೋಗುತ್ತದೆ. ಅಷ್ಟಮಿಗೆ ಮುದ್ದುಕೃಷ್ಣ ಸ್ಪರ್ಧೆ ನಡೆಸಿ, ಇನ್ನೂ ಮಾತು ಸರಿಯಾಗಿ ಬಾರದ ಕೃಷ್ಣರಲ್ಲೂ ಪ್ರಥಮ, ದ್ವಿತೀಯ ಎಂದು ವಿಂಗಡಿಸುವ ಊರು ನಮ್ಮದು. (ನನ್ನ ಮಗನೂ ನವಿಲುಗರಿ ಸಿಕ್ಕಿಸಿಕೊಂಡು ಆ ವೇದಿಕೆ ಹತ್ತಿ ಅತ್ತು ಇಳಿದವನೇ.) ಹಾಗೆಯೇ, ನಿದ್ದೆ, ಊಟ ಬಿಟ್ಟುಹೋದಾಗ, ಬದುಕೇ ಬೇಡವೆನಿಸಿದಾಗ ಭಾನುವಾರದ ಚಾವಡಿ ಸಾಲದು. ಅಂಥವರನ್ನು ನಾವು ವೈದ್ಯರ ಬಳಿಗೆ ಕರೆದುಕೊಂಡು ಹೋಗುತ್ತೇವೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ರ ಸಂಖ್ಯೆಯನ್ನೂ ಬಾಗಿಲ ಬಳಿ ಬರೆದಿಟ್ಟಿದ್ದೇವೆ.

ಹಲಗೆ ಈಗ ಮುಗಿಯುತ್ತ ಬಂದಿರುವುದರಿಂದ ಅದನ್ನು ಸಭಾಭವನವೊಂದರಲ್ಲಿ ಪ್ರದರ್ಶನಕ್ಕಿಡಬೇಕು, ಊರಿನ ಇನ್ನಷ್ಟು ಜನ ಸೇರಿಕೊಳ್ಳುತ್ತಾರೆ ಎಂದು ಕೆಲವರ ವಾದ. ಪ್ರದರ್ಶನವೆಂದ ಕೂಡಲೇ ಯಾರ ಎಲೆ ಚಂದ ಎಂಬ ಮಾತು ಹುಟ್ಟುತ್ತದೆ, ಅತಿಥಿಗಳು ಬರುತ್ತಾರೆ, ಹಾರ ತುರಾಯಿಗಳ ಹಿಂದೆಯೇ ಸ್ಮರಣಿಕೆಯೂ ಬರುತ್ತದೆ ಎಂದು ನಾನು ವಿರೋಧಿಸಿದ್ದೇನೆ. ಹೆಸರುಗಳಿಲ್ಲದೆ, ಬಹುಮಾನವಿಲ್ಲದೆ, ಪಕ್ಕದಲ್ಲಿ ಖಾಲಿ ಹಲಗೆಯೊಂದನ್ನೂ ಸುಣ್ಣ, ಕೆಮ್ಮಣ್ಣುಗಳನ್ನೂ ಇಟ್ಟು, ನೋಡಲು ಬಂದವರೂ ಕೈಹಾಕುವಂತೆ ಮಾಡೋಣ ಎಂದು ಮಲ್ಪೆಯ ಸೊಸೆ ಸೂಚಿಸಿದ್ದಾರೆ. ನನಗೆ ಅದು ಒಪ್ಪಿಗೆ. ಬ್ಯಾಂಕಿನ ಹಿರಿಯರು ಮಾತ್ರ ಉದ್ಘಾಟನೆಗೆ ಒಬ್ಬರನ್ನಾದರೂ ಕರೆಯಲೇಬೇಕು ಎನ್ನುತ್ತಿದ್ದಾರೆ.